ಯುರೋಪಿನೊಳಗೇ ಮತ್ತೊಂದು ದೇಶಕ್ಕೆ: ಜರ್ಮನಿಯೋ, ನೆದರ್‌ಲ್ಯಾಂಡ್ಸೋ, ಐರ್ಲೆಂಡೋ?

ಬೆಂಗಳೂರಿನಿಂದ ಮೊದಲ ಸಲ ಯುರೋಪಿಗೆ ಹೊರಡುವವರು ಸಂಬಳವನ್ನು ಹೋಲಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆಗ ಕಳೆದುಕೊಳ್ಳಲು ಕೈಯಲ್ಲಿ ಏನೂ ಇರುವುದಿಲ್ಲ. ಮ್ಯೂನಿಕ್‌ನಲ್ಲೋ ಡಬ್ಲಿನ್‌ನಲ್ಲೋ ಎರಡು ಮೂರು ವರ್ಷ ಕಳೆದವರಿಗೆ ಪಕ್ಕದ ದೇಶದಿಂದ ಕೆಲಸದ ಕರೆ ಬಂದಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಅಷ್ಟರಲ್ಲಿ ಅವರು ಕಾಯಂ ವಾಸದ ಹಕ್ಕಿಗೆ, ಪೌರತ್ವಕ್ಕೆ, ಪಿಂಚಣಿಗೆ ಒಂದಷ್ಟು ವರ್ಷಗಳನ್ನು ಕೂಡಿಟ್ಟಿರುತ್ತಾರೆ. ಗಡಿ ದಾಟುವಾಗ ಇವುಗಳಲ್ಲಿ ಕೆಲವು ಜೊತೆಗೆ ಬರುತ್ತವೆ, ಕೆಲವು ಹಿಂದೆಯೇ ಉಳಿಯುತ್ತವೆ. ಹೊಸ ಕಂಪನಿಯ ಮಾನವ ಸಂಪನ್ಮೂಲ ವಿಭಾಗ ಇದನ್ನು ಹೇಳುವುದಿಲ್ಲ, ಹೇಳುವುದು ಅದರ ಕೆಲಸವೂ ಅಲ್ಲ.

ಈ ಬರಹ ಭಾರತದ ಪಾಸ್‌ಪೋರ್ಟ್ ಹಿಡಿದು ಈಗಾಗಲೇ ಯುರೋಪಿನಲ್ಲಿರುವವರಿಗಾಗಿ. ಐಟಿ ಮತ್ತು ಎಂಜಿನಿಯರಿಂಗ್ ಕೆಲಸದ ಕನ್ನಡಿಗರು ಹೆಚ್ಚಾಗಿ ಓಡಾಡುವುದು ಈ ಮೂರು ದೇಶಗಳ ನಡುವೆ ಆದ್ದರಿಂದ ಅವನ್ನೇ ಆರಿಸಿಕೊಂಡಿದ್ದೇನೆ. ಕೊಟ್ಟಿರುವ ಮೊತ್ತಗಳು 2025ರವು. ಪ್ರತಿ ಜನವರಿಯಲ್ಲಿ ಇವುಗಳಲ್ಲಿ ಬಹುಪಾಲು ಬದಲಾಗುತ್ತವೆ, ಸಹಿ ಹಾಕುವ ಮುನ್ನ ಹೊಸದನ್ನು ನೋಡಿಕೊಳ್ಳಿ.

ಜೊತೆಗೆ ಬರುವ ವರ್ಷಗಳು, ಬಾರದ ವರ್ಷಗಳು

ಮೊದಲು ಪೌರತ್ವ. ಇಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ಒಂದು ದೇಶದಲ್ಲಿ ಕಳೆದ ವರ್ಷಗಳು ಇನ್ನೊಂದು ದೇಶದ ಪೌರತ್ವದ ಲೆಕ್ಕಕ್ಕೆ ಬರುವುದಿಲ್ಲ. ಜರ್ಮನಿ 2024ರ ಜೂನ್ 27ರಿಂದ ಎಂಟು ವರ್ಷದ ಕಾಯುವಿಕೆಯನ್ನು ಐದಕ್ಕೆ ಇಳಿಸಿದೆ. ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಮತ್ತು 33 ಪ್ರಶ್ನೆಗಳಲ್ಲಿ 17ಕ್ಕೆ ಸರಿಯುತ್ತರ ಕೊಡಬೇಕಾದ ಪರೀಕ್ಷೆ ಬೇಕು, ಶುಲ್ಕ 255 ಯೂರೋ. ನೆದರ್‌ಲ್ಯಾಂಡ್ಸ್‌ನಲ್ಲೂ ಐದು ವರ್ಷ, ಜೊತೆಗೆ ಡಚ್ ಭಾಷೆ ಮತ್ತು ಸಮಾಜ ಪರಿಚಯದ ಪರೀಕ್ಷೆ. ಐರ್ಲೆಂಡಿನಲ್ಲೂ ಐದು ವರ್ಷವೇ, ಆದರೆ ಭಾಷೆಯ ಪರೀಕ್ಷೆ ಇಲ್ಲ. ಅರ್ಜಿಗೆ 175 ಯೂರೋ, ಮಂಜೂರಾದ ಮೇಲೆ ಪ್ರಮಾಣಪತ್ರಕ್ಕೆ 950 ಯೂರೋ.

ಅಂದರೆ ಜರ್ಮನಿಯಲ್ಲಿ ನಾಲ್ಕು ವರ್ಷ ಕಳೆದು, ಸಂಬಳ ಒಂದಿಷ್ಟು ಹೆಚ್ಚೆಂದು ಡಬ್ಲಿನ್‌ಗೆ ಹೊರಟರೆ ಕೈಗೆ ಬಂದ ತುತ್ತನ್ನು ನೀವೇ ಕೆಳಗಿಟ್ಟಂತೆ. ಇನ್ನೊಂದು ವರ್ಷ ಕಾದು ಜರ್ಮನ್ ಪಾಸ್‌ಪೋರ್ಟ್ ಪಡೆದರೆ ಡಬ್ಲಿನ್ ಇರಲಿ, ಲಿಸ್ಬನ್ ಇರಲಿ, ಯಾರ ಪರವಾನಗಿಯೂ ಬೇಡ. ಪೌರತ್ವ ಬೇಡ, ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಳ್ಳುತ್ತೇನೆ ಎನ್ನುವವರಿಗೆ ಈ ವಾದ ಅನ್ವಯಿಸುವುದಿಲ್ಲ. ಜರ್ಮನಿ ಮತ್ತು ಐರ್ಲೆಂಡ್ ಎರಡು ಪೌರತ್ವವನ್ನು ಒಪ್ಪಿದರೂ ಭಾರತ ಒಪ್ಪುವುದಿಲ್ಲ, ಬೇರೆ ದೇಶದ ಪೌರತ್ವ ಸಿಕ್ಕ ದಿನವೇ ಭಾರತದ್ದು ಹೋಗುತ್ತದೆ, ಉಳಿಯುವುದು ಓಸಿಐ, ಅಂದರೆ ಸಾಗರೋತ್ತರ ಭಾರತೀಯರ ಕಾರ್ಡ್. ಊರಿನ ತೋಟ, ಗದ್ದೆ ಏನಾಗುತ್ತದೆ ಎಂದು ಮಲೆನಾಡಿನ ಗೆಳೆಯರೆಲ್ಲ ಕೇಳುತ್ತಾರೆ. ಓಸಿಐ ಇರುವವರು ಕೃಷಿ ಜಮೀನನ್ನು ಕೊಳ್ಳುವಂತಿಲ್ಲ, ತಂದೆ ತಾಯಿಯಿಂದ ಉತ್ತರಾಧಿಕಾರವಾಗಿ ಬಂದರೆ ಇಟ್ಟುಕೊಳ್ಳಬಹುದು. ಅನಿವಾಸಿ ಭಾರತೀಯರಿಗೂ ನಿಯಮ ಇದೇ, ಆದ್ದರಿಂದ ಈ ವಿಷಯದಲ್ಲಿ ನಿಮ್ಮ ಸ್ಥಿತಿ ಹೆಚ್ಚೇನೂ ಬದಲಾಗುವುದಿಲ್ಲ.

ಕಾಯಂ ವಾಸದ ಕಥೆ ಇಷ್ಟು ಸರಳವಲ್ಲ. ಜರ್ಮನಿಯಲ್ಲಿ ಎರಡು ಕಾರ್ಡುಗಳಿವೆ. ಒಂದು ನೀಡರ್‌ಲಾಸುಂಗ್ಸ್‌ಎರ್‌ಲಾಬ್ನಿಸ್: ಬ್ಲೂ ಕಾರ್ಡ್ (ಯುರೋಪಿಯನ್ ಒಕ್ಕೂಟದ ದೇಶಗಳು ಹೊರಗಿನ ನುರಿತ ನೌಕರರಿಗೆ ಕೊಡುವ ಪರವಾನಗಿ) ಇರುವವರಿಗೆ ಬಿ1 ಜರ್ಮನ್ ಬಂದರೆ 21 ತಿಂಗಳಿಗೆ, ಎ1, ಅಂದರೆ ಆರಂಭದ ಮಟ್ಟ ಮಾತ್ರ ಇದ್ದರೆ 27 ತಿಂಗಳಿಗೆ ಸಿಗುತ್ತದೆ. ಎಲ್ಲರೂ ಓಡುವುದು ಇದರ ಹಿಂದೆ. ಆದರೆ ಇದು ಜರ್ಮನಿಗೆ ಮಾತ್ರ ಸೇರಿದ್ದು. ಹಿಂದೆ ಬ್ಲೂ ಕಾರ್ಡ್ ಇದ್ದವರು ಹನ್ನೆರಡು ತಿಂಗಳಿಗಿಂತ ಹೆಚ್ಚು, ಉಳಿದವರು ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೆ ಅಳಿದುಹೋಗುತ್ತದೆ. ಇನ್ನೊಂದು ಡಾವರ್‌ಔಫೆಂಟ್‌ಹಾಲ್ಟ್ ಇಯು, ಅಂದರೆ ಯುರೋಪಿಯನ್ ಒಕ್ಕೂಟದ ದೀರ್ಘಾವಧಿ ವಾಸದ ಕಾರ್ಡ್. ಇದಕ್ಕೆ ಐದು ವರ್ಷ ಬೇಕು. ನೋಡಲು ಎರಡೂ ಒಂದೇ ಬಗೆಯ ಪ್ಲಾಸ್ಟಿಕ್ ಕಾರ್ಡ್, ಆದರೆ ಎರಡನೆಯದನ್ನು ಹಿಡಿದವರು ಒಕ್ಕೂಟದ ಬೇರೆ ದೇಶಕ್ಕೆ ಹೋಗಿ ನೆಲೆಸಲು ಅರ್ಜಿ ಹಾಕುವ ಹಕ್ಕನ್ನೂ ಪಡೆಯುತ್ತಾರೆ, ಜರ್ಮನಿಯ ಹೊರಗೆ ಆದರೆ ಒಕ್ಕೂಟದ ಒಳಗೆ ಆರು ವರ್ಷದವರೆಗೆ ಇದ್ದರೂ ಕಾರ್ಡ್ ಉಳಿಯುತ್ತದೆ. ಮುಂದೆ ಎಂದಾದರೂ ದೇಶ ಬದಲಿಸುವ ಮನಸ್ಸಿದ್ದರೆ ವಿದೇಶಿಯರ ಕಚೇರಿಯಲ್ಲಿ ಇದನ್ನು ಹೆಸರು ಹಿಡಿದೇ ಕೇಳಬೇಕು. ಕೇಳದಿದ್ದರೆ ಮೊದಲನೆಯದನ್ನೇ ಕೊಟ್ಟು ಕಳಿಸುತ್ತಾರೆ.

ಐದು ವರ್ಷ ಒಂದೇ ದೇಶದಲ್ಲಿ ಆಗಬೇಕೆಂದಿಲ್ಲ. ಬ್ಲೂ ಕಾರ್ಡ್ ಇರುವವರು ಬೇರೆ ಬೇರೆ ಸದಸ್ಯ ದೇಶಗಳಲ್ಲಿ ಕಳೆದ ಕಾಲವನ್ನು ಕೂಡಿಸಿಕೊಳ್ಳಬಹುದು, ಕೊನೆಯ ಎರಡು ವರ್ಷ ಮಾತ್ರ ಅರ್ಜಿ ಹಾಕುವ ದೇಶದಲ್ಲಿ ಬ್ಲೂ ಕಾರ್ಡ್ ಮೇಲೆ ಕಳೆದಿರಬೇಕು. ಮೊದಲ ದೇಶದಲ್ಲಿ ಹನ್ನೆರಡು ತಿಂಗಳಾದರೆ ಮತ್ತೆ ವೀಸಾದ ಗೋಜಿಲ್ಲದೆ ಎರಡನೇ ದೇಶಕ್ಕೆ ಹೋಗಿ, ತಲುಪಿದ ಒಂದು ತಿಂಗಳೊಳಗೆ ಅಲ್ಲಿನ ಬ್ಲೂ ಕಾರ್ಡ್‌ಗೆ ಅರ್ಜಿ ಹಾಕಬಹುದು. ಬ್ಲೂ ಕಾರ್ಡ್ ಕುರಿತ ಒಕ್ಕೂಟದ 2021ರ ಹೊಸ ನಿರ್ದೇಶನದಲ್ಲಿ ನನಗೆ ತುಂಬ ಮೆಚ್ಚುಗೆಯಾದ ಭಾಗ ಇದು.

ಹಾಗಿದ್ದರೆ ತೊಡಕೆಲ್ಲಿ? ಐರ್ಲೆಂಡ್ ಬ್ಲೂ ಕಾರ್ಡ್ ವ್ಯವಸ್ಥೆಯಲ್ಲೂ ಇಲ್ಲ, ದೀರ್ಘಾವಧಿ ವಾಸದ ಒಪ್ಪಂದದಲ್ಲೂ ಇಲ್ಲ, ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗೆನ್‌ನಲ್ಲೂ ಇಲ್ಲ. ಜರ್ಮನಿಯ ಕಾರ್ಡ್ ಹಿಡಿದವರು ಡಬ್ಲಿನ್‌ನಲ್ಲಿ ಸಂದರ್ಶನಕ್ಕೆ ಹೋಗಬೇಕಾದರೂ ಬೇರೆ ವೀಸಾ ಬೇಕು. ನೆದರ್‌ಲ್ಯಾಂಡ್ಸ್ ವ್ಯವಸ್ಥೆಯ ಒಳಗಿದೆ, ಆದರೆ ಅಲ್ಲಿನ ಕಂಪನಿಗಳು ರೂಢಿಯಿಂದ ಕೊಡಿಸುವುದು ತಮ್ಮ ದೇಶದ್ದೇ ಆದ ಕೆನಿಸ್‌ಮಿಗ್ರಾಂಟ್ ಪರವಾನಗಿ, ಅಂದರೆ ನುರಿತ ವಲಸಿಗರ ಪರವಾನಗಿ. ಅದು ಬೇಗ ಸಿಗುತ್ತದೆ, ದಿನನಿತ್ಯದ ಬದುಕಿನಲ್ಲಿ ವ್ಯತ್ಯಾಸವೂ ತಿಳಿಯುವುದಿಲ್ಲ. ಮುಂದೆ ಇನ್ನೊಂದು ದೇಶಕ್ಕೆ ಹೊರಟಾಗ ಅದರ ಕೊರತೆ ಗೊತ್ತಾಗುತ್ತದೆ: ಬ್ಲೂ ಕಾರ್ಡ್‌ಗಿರುವ ಗಡಿ ದಾಟುವ ಹಕ್ಕು ಅದಕ್ಕಿಲ್ಲ. ಆದ್ದರಿಂದ ಡಚ್ ಕಂಪನಿಯ ಕೆಲಸವನ್ನು ಒಪ್ಪುವ ಮುನ್ನ ಬ್ಲೂ ಕಾರ್ಡ್ ಕೊಡಿಸುತ್ತೀರಾ ಎಂದು ಲಿಖಿತವಾಗಿ ಕೇಳಿ.

ಇನ್ನು ಸಂಬಳದ ಮಿತಿ. ಜರ್ಮನಿಯ ಬ್ಲೂ ಕಾರ್ಡ್‌ಗೆ ವರ್ಷಕ್ಕೆ 48,300 ಯೂರೋ ಸಾಕು, ಕೊರತೆಯಿರುವ ವೃತ್ತಿಗಳಿಗೆ 43,759.80. ನೆದರ್‌ಲ್ಯಾಂಡ್ಸ್‌ನ ಬ್ಲೂ ಕಾರ್ಡ್‌ಗೆ ಹಾಗೂ ಮೂವತ್ತು ದಾಟಿದವರ ಕೆನಿಸ್‌ಮಿಗ್ರಾಂಟ್ ಪರವಾನಗಿಗೆ ರಜಾ ಭತ್ಯೆ ಬಿಟ್ಟು ತಿಂಗಳಿಗೆ 5,688 ಯೂರೋ, ಎಂದರೆ ವರ್ಷಕ್ಕೆ 68 ಸಾವಿರಕ್ಕೂ ಹೆಚ್ಚು. ಸ್ಟುಟ್‌ಗಾರ್ಟ್‌ನಲ್ಲಿ 55 ಸಾವಿರದ ಸಂಬಳಕ್ಕೆ ನೆಮ್ಮದಿಯಾಗಿರುವ ಮೂವತ್ತೆರಡರ ಎಂಜಿನಿಯರಿಗೆ ಅದೇ ಸಂಬಳದಲ್ಲಿ ಐಂಡ್‌ಹೋವನ್‌ನ ಬಾಗಿಲು ತೆರೆಯುವುದಿಲ್ಲ. ಮೂವತ್ತರೊಳಗಿನವರಿಗೆ ಕೆನಿಸ್‌ಮಿಗ್ರಾಂಟ್ ಮಿತಿ 4,171. ಇಪ್ಪತ್ತೊಂಬತ್ತನೇ ವಯಸ್ಸು ಅಲ್ಲಿ ಬಹಳ ಬೆಲೆಯುಳ್ಳದ್ದು. ಐರ್ಲೆಂಡಿನ ಕ್ರಿಟಿಕಲ್ ಸ್ಕಿಲ್ಸ್ ಪರವಾನಗಿಗೆ ಪಟ್ಟಿಯಲ್ಲಿರುವ ವೃತ್ತಿ, ಅದಕ್ಕೆ ತಕ್ಕ ಪದವಿ ಇದ್ದರೆ 38,000 ಸಾಕು. 21 ತಿಂಗಳ ನಂತರ ಸ್ಟ್ಯಾಂಪ್ 4 ಎಂಬ ವಾಸದ ಅನುಮತಿಯ ದಾರಿ ತೆರೆಯುತ್ತದೆ, ಅಲ್ಲಿಂದ ಮುಂದೆ ಯಾವ ಕಂಪನಿಯಲ್ಲಾದರೂ ಕೆಲಸ ಮಾಡಬಹುದು.

ಪಿಂಚಣಿಯ ವರ್ಷಗಳು ಮಾತ್ರ ಮೂರೂ ದೇಶಗಳ ನಡುವೆ ನಿಷ್ಠೆಯಿಂದ ಹಿಂಬಾಲಿಸುತ್ತವೆ. ಜರ್ಮನಿಯ ಪಿಂಚಣಿಗೆ ಕನಿಷ್ಠ ಐದು ವರ್ಷದ ವಂತಿಗೆ ಬೇಕು, ಐರ್ಲೆಂಡಿನದಕ್ಕೆ 520 ವಾರಗಳು, ನೆದರ್‌ಲ್ಯಾಂಡ್ಸ್‌ನಲ್ಲಿ ವಾಸವಿದ್ದ ಪ್ರತಿ ವರ್ಷಕ್ಕೆ ಶೇ 2ರಂತೆ ಸೇರುತ್ತದೆ. ಕನಿಷ್ಠ ಮಿತಿ ತುಂಬಲು ಒಂದು ದೇಶದ ವರ್ಷಗಳನ್ನು ಇನ್ನೊಂದಕ್ಕೆ ಕೂಡಿಸಿಕೊಳ್ಳಲು ಒಕ್ಕೂಟದ ನಿಯಮ ಅವಕಾಶ ಕೊಡುತ್ತದೆ, ಅದು ನಮ್ಮಂಥ ಹೊರಗಿನವರಿಗೂ ಅನ್ವಯಿಸುತ್ತದೆ.

ಶೇ 30ರ ಆಕರ್ಷಣೆ ಮತ್ತು 150 ಕಿಲೋಮೀಟರ್

ನೆದರ್‌ಲ್ಯಾಂಡ್ಸ್ ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು ಶೇ 30ರ ರಿಯಾಯಿತಿ. ಹೊರದೇಶದಿಂದ ಕರೆಸಿಕೊಂಡ ನುರಿತ ನೌಕರರ ಸಂಬಳದ ಶೇ 30ರಷ್ಟನ್ನು ತೆರಿಗೆಯಿಲ್ಲದೆ ಕೊಡಲು ಕಂಪನಿಗೆ ಅವಕಾಶವಿದೆ, ಗರಿಷ್ಠ ಐದು ವರ್ಷ. 2027ರಿಂದ ಇದು ಶೇ 27 ಆಗುತ್ತದೆ. ತೆರಿಗೆಗೆ ಒಳಪಡುವ ಸಂಬಳ ಕನಿಷ್ಠ 46,660 ಯೂರೋ ಇರಬೇಕು. ಕೆಲಸ ಸೇರಿದ ನಾಲ್ಕು ತಿಂಗಳೊಳಗೆ ಅರ್ಜಿ ಹಾಕಿದರೆ ಮೊದಲ ದಿನದಿಂದಲೇ ಸಿಗುತ್ತದೆ.

ಬೆಂಗಳೂರಿನಿಂದ ನೇರವಾಗಿ ಬರುವವರಿಗೆ ಕಾಣದ, ಯುರೋಪಿನೊಳಗಿಂದ ಬರುವವರನ್ನು ಎಡವಿಸುವ ಷರತ್ತು ಒಂದಿದೆ. ಕೆಲಸ ಸೇರುವ ಹಿಂದಿನ 24 ತಿಂಗಳಲ್ಲಿ 16ಕ್ಕಿಂತ ಹೆಚ್ಚು ತಿಂಗಳು ನೀವು ಡಚ್ ಗಡಿಯಿಂದ 150 ಕಿಲೋಮೀಟರಿಗಿಂತ ದೂರ ವಾಸವಿದ್ದಿರಬೇಕು. ನಕ್ಷೆ ತೆಗೆದು ನೋಡಿ. ಬರ್ಲಿನ್, ಮ್ಯೂನಿಕ್, ಸ್ಟುಟ್‌ಗಾರ್ಟ್, ಡಬ್ಲಿನ್‌ನವರಿಗೆ ಚಿಂತೆಯಿಲ್ಲ. ಡ್ಯೂಸೆಲ್‌ಡಾರ್ಫ್, ಕಲೋನ್, ಬಾನ್, ಡಾರ್ಟ್‌ಮುಂಡ್ ಪೂರ್ತಿ ಒಳಗೆ ಬೀಳುತ್ತವೆ. ಬ್ರಸೆಲ್ಸ್ ಕೂಡ. ಡ್ಯೂಸೆಲ್‌ಡಾರ್ಫ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ, ಮನೆ ಸಾಗಿಸುವುದು ಸುಲಭ. ಅಲ್ಲಿಂದ ಹೊರಟವರಿಗೇ ರಿಯಾಯಿತಿ ಇಲ್ಲ. ರಿಯಾಯಿತಿ ಸಿಗುತ್ತದೆಂದು ನಂಬಿ ಸಂಬಳದ ಮಾತು ಮುಗಿಸಿದವರಿಂದ ಆಮೇಲೆ ಏನೂ ಮಾಡಲಾಗುವುದಿಲ್ಲ. ನೀವು ಆ ವೃತ್ತದೊಳಗಿದ್ದರೆ ರಿಯಾಯಿತಿ ಇಲ್ಲವೆಂದೇ ಇಟ್ಟುಕೊಂಡು ಸಂಬಳ ಕೇಳಿ.

ರಿಯಾಯಿತಿ ಸಿಕ್ಕವರಿಗೆ ಯಾರೂ ಹೇಳದ ಒಂದು ಸಣ್ಣ ಲಾಭವಿದೆ. ಭಾರತದ ಡ್ರೈವಿಂಗ್ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಡಚ್ ಲೈಸೆನ್ಸಿಗೆ ಬದಲಿಸಿಕೊಳ್ಳಬಹುದು, ಮನೆಯವರಿಗೂ ಈ ಸೌಲಭ್ಯ ಸಿಗುತ್ತದೆ. ಜರ್ಮನಿಯಲ್ಲಿ ನಮ್ಮ ಲೈಸೆನ್ಸ್ ಆರು ತಿಂಗಳಷ್ಟೇ ನಡೆಯುತ್ತದೆ, ಆಮೇಲೆ ಬರವಣಿಗೆ ಪರೀಕ್ಷೆ, ರಸ್ತೆ ಪರೀಕ್ಷೆ ಎರಡೂ. ಅದಕ್ಕೆ ಸುರಿಯುವ ಹಣದ ಬಗ್ಗೆ ಜರ್ಮನಿಯಲ್ಲಿರುವ ಯಾವ ಕನ್ನಡಿಗರನ್ನು ಕೇಳಿದರೂ ಅರ್ಧ ಗಂಟೆ ಹೇಳುತ್ತಾರೆ.

ಮನೆಯಲ್ಲಿ ಒಬ್ಬರದೇ ದುಡಿಮೆಯಾದರೆ

ಇಂಟರ್ನೆಟ್ಟಿನ ಸಂಬಳ ಲೆಕ್ಕ ಹಾಕುವ ಪುಟಗಳು ಒಂಟಿ ನೌಕರನನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತವೆ. ನಮ್ಮಲ್ಲಿ ಹೆಚ್ಚಿನವರು ಸಂಸಾರ ಸಮೇತ ಬರುತ್ತಾರೆ, ದೇಶ ಬದಲಿಸಿದ ಮೊದಲ ವರ್ಷವಾದರೂ ಒಬ್ಬರ ಕೆಲಸ ನಿಂತಿರುತ್ತದೆ. ಆಗ ಜರ್ಮನಿಯ ಪದ್ಧತಿ ಉದಾರ. ಗಂಡ ಹೆಂಡತಿಯ ಆದಾಯವನ್ನು ಕೂಡಿಸಿ ಎರಡಾಗಿ ಹಂಚಿ ತೆರಿಗೆ ಹಾಕುತ್ತಾರೆ, ಸರ್ಕಾರಿ ಆರೋಗ್ಯ ವಿಮೆಯಲ್ಲಿ ದುಡಿಯದ ಸಂಗಾತಿ ಮತ್ತು ಮಕ್ಕಳು ಹೆಚ್ಚುವರಿ ಕಂತಿಲ್ಲದೆ ಸೇರುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಇಬ್ಬರ ತೆರಿಗೆಯೂ ಬೇರೆ ಬೇರೆ, 76,817 ಯೂರೋ ದಾಟಿದ ಆದಾಯಕ್ಕೆ ಶೇ 49.5. ವಯಸ್ಕರೆಲ್ಲರೂ ತಮ್ಮ ತಮ್ಮ ವಿಮೆಯ ಕಂತು ಕಟ್ಟಬೇಕು, ಚಿಕಿತ್ಸೆಯ ಮೊದಲ 385 ಯೂರೋ ಸ್ವಂತ ಖರ್ಚು, ಮಕ್ಕಳಿಗೆ ಮಾತ್ರ ಉಚಿತ. ಐರ್ಲೆಂಡ್ ನಡುವೆ ನಿಲ್ಲುತ್ತದೆ: ಶೇ 20ರ ತೆರಿಗೆ ಒಂಟಿಯವರಿಗೆ 44,000ದವರೆಗೆ, ಒಬ್ಬರೇ ದುಡಿಯುವ ದಂಪತಿಗೆ 53,000ದವರೆಗೆ, ಅದರಾಚೆ ಶೇ 40.

ಊರಿನ ಉಳಿತಾಯದ ಲೆಕ್ಕ ಇನ್ನೂ ಕುತೂಹಲದ್ದು. ನೆದರ್‌ಲ್ಯಾಂಡ್ಸ್ ನಿಮ್ಮ ಜಗತ್ತಿನಾದ್ಯಂತದ ಉಳಿತಾಯ, ಹೂಡಿಕೆಗಳ ಮೇಲೆ ಇಷ್ಟು ಲಾಭ ಬಂದಿರಬಹುದೆಂದು ತಾನೇ ಊಹಿಸಿ ಅದಕ್ಕೆ ಶೇ 36 ತೆರಿಗೆ ಹಾಕುತ್ತದೆ. ತಲೆಗೆ 57,684 ಯೂರೋವರೆಗೆ ವಿನಾಯಿತಿ. ಬೆಂಗಳೂರಿನ ಬ್ಯಾಂಕಿನ ಎಫ್‌ಡಿ, ಮ್ಯೂಚುವಲ್ ಫಂಡ್ ಎರಡೂ ಇದರಲ್ಲಿ ಸೇರುತ್ತವೆ. ಸೈಟು, ಮನೆಯನ್ನೂ ಘೋಷಿಸಬೇಕು, ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ವಿನಾಯಿತಿ ಕೇಳಬಹುದು. ಜರ್ಮನಿ ನಿಜವಾಗಿ ಬಂದ ಬಡ್ಡಿ ಮತ್ತು ಲಾಭದ ಮೇಲೆ ಶೇ 25 ಮತ್ತು ಅದರ ಮೇಲೊಂದು ಸಣ್ಣ ಸೆಸ್ ತೆಗೆದುಕೊಳ್ಳುತ್ತದೆ. ಐರ್ಲೆಂಡಿನಲ್ಲಿ ಹುಟ್ಟಿನಿಂದ ಬೇರೆ ದೇಶವನ್ನು ತವರೆಂದು ಉಳಿಸಿಕೊಂಡವರಿಗೆ ಹಳೆಯ ಬ್ರಿಟಿಷ್ ಕಾಲದ ನಿಯಮವೊಂದು ಇನ್ನೂ ಇದೆ: ಹೊರದೇಶದ ಹೂಡಿಕೆಯ ಆದಾಯವನ್ನು ಐರ್ಲೆಂಡಿಗೆ ತಂದರೆ ಮಾತ್ರ ತೆರಿಗೆ. ಊರಿನಲ್ಲಿ ಎರಡು ಬಾಡಿಗೆ ಮನೆ, ಒಂದಿಷ್ಟು ಠೇವಣಿ ಇರುವವರಿಗೆ ಇದು ಸಂಬಳದ ವ್ಯತ್ಯಾಸವನ್ನೇ ಸರಿದೂಗಿಸಬಲ್ಲದು. ಇಷ್ಟಾಗಿಯೂ ಡಬ್ಲಿನ್‌ಗೆ ಹೋಗುವವರು ಇದನ್ನು ಕೇಳಿಯೇ ಇರುವುದಿಲ್ಲ.

ಮನೆ

ಮೂರೂ ಕಡೆ ಬಾಡಿಗೆ ಮನೆ ಸಿಗುವುದು ಕಷ್ಟ, ಕಷ್ಟದ ಬಗೆ ಬೇರೆ. ಜರ್ಮನಿಯ ಮನೆಗಳಲ್ಲಿ ಅಡುಗೆಕಟ್ಟೆಯೇ ಇಲ್ಲದಿರಬಹುದು, ಹಿಂದಿನ ಬಾಡಿಗೆದಾರರಿಂದ ದುಡ್ಡು ಕೊಟ್ಟು ಕೊಳ್ಳಬೇಕು. ಹೊರಡುವಾಗ ನೀವೂ ಮುಂದಿನವರಿಗೆ ಮಾರಬಹುದು. ನೆದರ್‌ಲ್ಯಾಂಡ್ಸ್‌ನಲ್ಲಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ: ಖಾಲಿ ಮನೆ ಎಂದರೆ ನೆಲಹಾಸು, ಪರದೆಯ ಸರಳು, ದೀಪ ಯಾವುದೂ ಇಲ್ಲ, ಸಿಮೆಂಟಿನ ನೆಲವಷ್ಟೇ. ಐರ್ಲೆಂಡಿನ ಮನೆಗಳು ಬಹುಮಟ್ಟಿಗೆ ಪೀಠೋಪಕರಣ ಸಮೇತ ಬರುತ್ತವೆ, ಎರಡು ಸೂಟ್‌ಕೇಸಿನಲ್ಲಿ ಹೋಗಿ ಇಳಿಯಬಹುದು. ಆದರೆ ಡಬ್ಲಿನ್‌ನಲ್ಲಿ ಸಿಕ್ಕ ಮನೆಗೆ ಕೊಡುವ ಬಾಡಿಗೆ ಸಂಬಳದ ಹೆಚ್ಚಳವನ್ನೆಲ್ಲ ನುಂಗುತ್ತದೆ. ಮುಂಗಡ ಜರ್ಮನಿಯಲ್ಲಿ ಮೂರು ತಿಂಗಳ ಮೂಲ ಬಾಡಿಗೆಯವರೆಗೆ, ನೆದರ್‌ಲ್ಯಾಂಡ್ಸ್‌ನಲ್ಲಿ ಎರಡು ತಿಂಗಳು, ಐರ್ಲೆಂಡಿನಲ್ಲಿ ಒಂದು ತಿಂಗಳ ಠೇವಣಿ ಮತ್ತು ಒಂದು ತಿಂಗಳ ಬಾಡಿಗೆ. ಬೆಂಗಳೂರಿನ ಹತ್ತು ತಿಂಗಳ ಮುಂಗಡ ಕಂಡವರಿಗೆ ಇದು ನಗು ತರಿಸುತ್ತದೆ.

ಮಕ್ಕಳ ವಯಸ್ಸು

ಮಗುವಿಗೆ ಆರರೊಳಗಿದ್ದರೆ ಯಾವ ದೇಶವಾದರೂ ಸರಿ, ಹೊಸ ಭಾಷೆಯನ್ನು ನಿಮಗಿಂತ ಮೊದಲು ಕಲಿಯುತ್ತದೆ. ನನಗೆ ಅಳುಕು ಹುಟ್ಟಿಸುವುದು ಎಂಟರಿಂದ ಹನ್ನೆರಡರ ನಡುವಿನ ವಯಸ್ಸು. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿದಾಗಲೇ ಮಗು ವಿಶ್ವವಿದ್ಯಾಲಯಕ್ಕೆ ಸಿದ್ಧಗೊಳಿಸುವ ಗಿಮ್ನಾಜಿಯಂಗೆ ಹೋಗಬೇಕೋ ಬೇರೆ ಶಾಲೆಗೋ ಎಂದು ವಿಂಗಡಿಸುತ್ತಾರೆ, ಬರ್ಲಿನ್‌ನಲ್ಲಿ ಆರನೇ ತರಗತಿಯ ನಂತರ. ನೆದರ್‌ಲ್ಯಾಂಡ್ಸ್‌ನಲ್ಲಿ ಹನ್ನೆರಡರ ಸುಮಾರಿಗೆ, ಪ್ರಾಥಮಿಕ ಶಾಲೆಯ ಕೊನೆಯ ವರ್ಷವಾದ ಎಂಟನೇ ಗುಂಪಿನ ಪರೀಕ್ಷೆ ಮತ್ತು ಶಿಕ್ಷಕರ ಅಭಿಪ್ರಾಯ ನೋಡಿ. ಡ್ರೆಸ್ಡನ್‌ನಲ್ಲಿ ಜರ್ಮನ್ ಚೆನ್ನಾಗಿ ಕಲಿತ ಹತ್ತು ವರ್ಷದ ಹುಡುಗಿ ಉಟ್ರೆಕ್ಟ್‌ಗೆ ಬಂದರೆ ಎರಡು ವರ್ಷದಲ್ಲಿ ಡಚ್ ಕಲಿತು, ಅದೇ ಭಾಷೆಯಲ್ಲಿ ವಿಂಗಡಣೆಗೂ ಸಿದ್ಧಳಾಗಬೇಕು. ಹೊಸಬರಿಗೆ ಭಾಷೆ ಕಲಿಸುವ ತರಗತಿಗಳು ಇವೆ, ಶಿಕ್ಷಕರು ಅರ್ಥ ಮಾಡಿಕೊಳ್ಳುತ್ತಾರೆ, ಕೆಳಗಿನ ದಾರಿಯಿಂದ ಮೇಲಿನದಕ್ಕೆ ಹತ್ತುವ ಅವಕಾಶವೂ ಇದೆ. ಆದರೂ ಬುದ್ಧಿವಂತ ಮಗು ಭಾಷೆಯ ಕಾರಣಕ್ಕೆ ಕೆಳಗಿನ ಸಾಲಿಗೆ ಹೋಗುವ ಸಾಧ್ಯತೆ ನಿಜ. ಇಂಥ ವಯಸ್ಸಿನ ಮಕ್ಕಳಿದ್ದರೆ ಒಂದೋ ಹೊರಡಬೇಡಿ, ಇಲ್ಲವೇ ಐರ್ಲೆಂಡಿಗೆ ಹೊರಡಿ. ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ಈ ಬಗೆಯ ವಿಂಗಡಣೆ ಇಲ್ಲ. ಐರಿಷ್ ಭಾಷೆ ಒಂದು ವಿಷಯವಾಗಿ ಇರುತ್ತದೆ. ಪ್ರಾಥಮಿಕ ಶಾಲೆಗಳಲ್ಲಿ ಬಹುಪಾಲು ಕ್ಯಾಥೊಲಿಕ್ ಚರ್ಚಿನ ಆಶ್ರಯದಲ್ಲಿವೆ. ಮಂಗಳೂರಿನ, ಬೆಂಗಳೂರಿನ ಕಾನ್ವೆಂಟುಗಳಲ್ಲಿ ಓದಿದ ನಮಗೆ ಇದು ಹೊಸದೇನಲ್ಲ.

ಕೆಲಸ ಹೋದರೆ, ಅಪ್ಪ ಅಮ್ಮ ಬಂದರೆ

ಕೆಲಸ ಕಳೆದುಕೊಂಡಾಗ ಹೊಸದನ್ನು ಹುಡುಕಲು ಸಿಗುವ ಕಾಲ: ಕೆನಿಸ್‌ಮಿಗ್ರಾಂಟ್‌ಗೆ ಮೂರು ತಿಂಗಳು. ಬ್ಲೂ ಕಾರ್ಡ್‌ಗೆ ಮೂರು, ಎರಡು ವರ್ಷ ಕಳೆದಿದ್ದರೆ ಆರು. ಐರ್ಲೆಂಡಿನಲ್ಲಿ ಕಂಪನಿಯೇ ಹುದ್ದೆ ತೆಗೆದಿದ್ದರೆ ಆರು. ಡಚ್ ಕಂಪನಿಗಳು ಮೊದಲು ಒಂದು ವರ್ಷದ ಒಪ್ಪಂದ ಕೊಡುವುದು ಸಾಮಾನ್ಯ. ಜರ್ಮನಿಯ ಕಾಯಂ ಒಪ್ಪಂದವನ್ನು ಬಿಟ್ಟು ಅದಕ್ಕೆ ಸಹಿ ಹಾಕುವವರು ಇದರ ತೂಕವನ್ನು ಸಂಬಳಕ್ಕೆ ಸೇರಿಸಿ ನೋಡಬೇಕು.

ಸಂಗಾತಿಗೆ ಕೆಲಸ ಮಾಡುವ ಹಕ್ಕು ಮೂರೂ ಕಡೆ ಮೊದಲ ದಿನದಿಂದ ಇದೆ. ಆದರೆ ಇಂಗ್ಲಿಷಿನಲ್ಲಿ ಶಿಕ್ಷಕಿ, ಲೆಕ್ಕಪತ್ರದವರು, ಆಸ್ಪತ್ರೆಯ ಸಿಬ್ಬಂದಿ ಇಂಥ ಕೆಲಸ ಸಿಗುವುದು ಐರ್ಲೆಂಡಿನಲ್ಲಷ್ಟೇ.

ಅಪ್ಪ ಅಮ್ಮ ಪ್ರವಾಸಿ ವೀಸಾದ ಮೇಲೆ ಮೂರರಲ್ಲಿ ಎಲ್ಲಿಗೆ ಬಂದರೂ ಮೂರು ತಿಂಗಳು. ಫ್ರಾಂಕ್‌ಫರ್ಟ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನಿಂದ ಬೆಂಗಳೂರಿಗೆ ನೇರ ವಿಮಾನವಿದೆ, ಡಬ್ಲಿನ್‌ಗೆ ಎಲ್ಲೋ ಇಳಿದು ಹತ್ತಬೇಕು. ಎಪ್ಪತ್ತು ದಾಟಿದವರಿಗೆ ಅದು ಸಣ್ಣ ಮಾತಲ್ಲ. ಜರ್ಮನಿಯಲ್ಲಿ ಮೊದಲ ಪರವಾನಗಿಯನ್ನು 2024ರ ಮಾರ್ಚ್ 1 ಅಥವಾ ಅದರ ನಂತರ ಪಡೆದ ನುರಿತ ನೌಕರರು ತಂದೆ ತಾಯಿಯನ್ನು ವಾಸಕ್ಕೇ ಕರೆಸಿಕೊಳ್ಳಬಹುದು, ಆದರೆ ಆ ವಯಸ್ಸಿನವರಿಗೆ ಆರೋಗ್ಯ ವಿಮೆ ಹೊಂದಿಸುವುದರಲ್ಲೇ ಹೆಚ್ಚಿನವರು ಸೋಲುತ್ತಾರೆ.

ಯಾರು ಎಲ್ಲಿಗೆ

ಜರ್ಮನಿಯಲ್ಲಿ ಮೂರು ವರ್ಷ ದಾಟಿದವರು, ಬಿ1 ಹತ್ತಿರದಲ್ಲಿರುವವರು ಅಲ್ಲೇ ಇರಿ. ಐದು ತುಂಬಲಿ. ಜರ್ಮನಿಗೆ ಬಂದು ಒಂದೂವರೆ ವರ್ಷವಾಗಿದೆ, ಊರು ಗಡಿಯಿಂದ ದೂರ, ಮಕ್ಕಳು ಚಿಕ್ಕವರು, ಸಂಬಳ ಡಚ್ ಮಿತಿಯನ್ನು ದಾಟುತ್ತದೆ ಎಂದರೆ ನೆದರ್‌ಲ್ಯಾಂಡ್ಸ್ ಒಳ್ಳೆಯ ಆಯ್ಕೆ, ಬ್ಲೂ ಕಾರ್ಡನ್ನೇ ಹಿಡಿದು ಹೋಗಿ. ಜರ್ಮನ್ ಕಲಿಯುವುದು ತನ್ನಿಂದಾಗದು ಎಂದು ಮನಸ್ಸಿನಲ್ಲಿ ಒಪ್ಪಿಕೊಂಡವರು ಅದನ್ನು ಮುಂದೂಡದೆ ಮೊದಲ ಎರಡು ವರ್ಷದೊಳಗೇ ಐರ್ಲೆಂಡಿಗೆ ಹೊರಡುವುದು ಲೇಸು. ಅಲ್ಲಿನ ಐದು ವರ್ಷಕ್ಕೆ ಸಿಗುವ ಪಾಸ್‌ಪೋರ್ಟ್ ಯುರೋಪಿಯನ್ ಒಕ್ಕೂಟವನ್ನೂ ಬ್ರಿಟನ್ನನ್ನೂ ಒಟ್ಟಿಗೆ ತೆರೆಯುತ್ತದೆ, ಬೇರೆ ಯಾವ ಒಕ್ಕೂಟದ ದೇಶದ್ದೂ ಹಾಗೆ ಮಾಡುವುದಿಲ್ಲ. ಡಬ್ಲಿನ್‌ನ ಬಾಡಿಗೆಗೆ ಬೇಸತ್ತು ಜರ್ಮನಿಗೆ ಹೊರಡಬೇಕೆನ್ನುವವರಿಗೆ ನನ್ನ ಸಲಹೆ: ಮೂರು ವರ್ಷವಾಗಿದ್ದರೆ ಹಲ್ಲು ಕಚ್ಚಿ ಕೂರಿ, ಇಲ್ಲವೇ ಕಾರ್ಕ್, ಗಾಲ್ವೇ ಕಡೆ ಕೆಲಸ ನೋಡಿ. ಪೌರತ್ವದ ಎಣಿಕೆ ತಪ್ಪುವುದಿಲ್ಲ.

ಶುಶ್ರೂಷಕಿಯರಿಗೆ ಈ ಬರಹದ ಅರ್ಧ ಭಾಗ ಹೊಂದುವುದಿಲ್ಲ. ಅವರಿಗೆ ವೃತ್ತಿ ನೋಂದಣಿಯೇ ಮೊದಲ ಪ್ರಶ್ನೆ, ಅದನ್ನು ಪ್ರತಿ ದೇಶದಲ್ಲೂ ಹೊಸದಾಗಿ ಮಾಡಿಸಬೇಕಾಗುತ್ತದೆ.

ಜರ್ಮನಿ ಬಿಡುವ ಮುನ್ನ

ನೋಟಿಸ್ ಅವಧಿಯನ್ನು ಮೊದಲು ನೋಡಿ. ಜರ್ಮನಿಯ ಒಪ್ಪಂದಗಳಲ್ಲಿ ಮೂರು ತಿಂಗಳು ಸಾಮಾನ್ಯ, ನೌಕರರಿಗೆ ಒಂದೇ ತಿಂಗಳ ನೋಟಿಸ್ ಇರುವ ನೆದರ್‌ಲ್ಯಾಂಡ್ಸ್‌ನ ಕಂಪನಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಸೇರುವ ದಿನವನ್ನು ಇದಕ್ಕೆ ಹೊಂದಿಸಿ ಬರೆಸಿಕೊಳ್ಳಿ. ಊರಿನ ಕಚೇರಿಯಲ್ಲಿ ವಿಳಾಸ ರದ್ದು ಮಾಡಿಸುವ ಆಬ್‌ಮೆಲ್ಡುಂಗ್ ಅನ್ನು ಹೊರಡುವ ಒಂದು ವಾರ ಮೊದಲಿನಿಂದ, ಹೊರಟ ಎರಡು ವಾರದೊಳಗೆ ಮಾಡಿಸಬೇಕು. ಆ ಪತ್ರವಿಲ್ಲದೆ ತಿಂಗಳಿಗೆ 18.36 ಯೂರೋದ ಪ್ರಸಾರ ಶುಲ್ಕ ನಿಲ್ಲುವುದಿಲ್ಲ, ಮೊಬೈಲ್ ಮತ್ತು ಇಂಟರ್ನೆಟ್ ಒಪ್ಪಂದಗಳಿಂದ ಬಿಡುಗಡೆಯೂ ಕಷ್ಟ. ಉದ್ಯೋಗ ಕಚೇರಿಯಿಂದ ಯು1 ಪತ್ರ ಪಡೆಯಿರಿ, ಮುಂದಿನ ದೇಶದಲ್ಲಿ ಕೆಲಸ ಹೋದರೆ ನಿರುದ್ಯೋಗ ಭತ್ಯೆಗೆ ಜರ್ಮನಿಯಲ್ಲಿ ಕಟ್ಟಿದ ತಿಂಗಳುಗಳನ್ನು ಸೇರಿಸಲು ಅದೇ ಆಧಾರ. ಪಿಂಚಣಿ ಸಂಸ್ಥೆಯಿಂದ ವಂತಿಗೆಯ ವಿವರ, ಹಳೆಯ ಕಂಪನಿಯಿಂದ ಪೂರ್ಣ ಪ್ರಮಾಣದ ಕೆಲಸದ ಪ್ರಮಾಣಪತ್ರ, ಕಾರಿದ್ದರೆ ವಿಮಾ ಕಂಪನಿಯಿಂದ ಅಪಘಾತವಿಲ್ಲದ ವರ್ಷಗಳ ಪತ್ರ, ಮನೆ ಮಾಲೀಕರಿಂದ ಬಾಡಿಗೆ ಬಾಕಿ ಇಲ್ಲವೆಂಬ ಪತ್ರ. ಇವನ್ನೆಲ್ಲ ದೇಶದೊಳಗಿರುವಾಗಲೇ ಕೇಳಿ ಇಟ್ಟುಕೊಳ್ಳಿ, ಹೊರಗಿನಿಂದ ಬರೆದ ಮಿಂಚಂಚೆಗೆ ಜರ್ಮನಿಯ ಕಚೇರಿಗಳು ಉತ್ತರಿಸುವುದು ತಮ್ಮದೇ ವೇಗದಲ್ಲಿ, ಅದೂ ಹಳೆಯ ವಿಳಾಸಕ್ಕೆ ಅಂಚೆಯಲ್ಲಿ.